ಟೆಸ್ಟೋಸ್ಟೆರಾನ್ ಮಾರೋ ರೀಲ್ಸ್ ಅಣ್ಣಂದಿರಿಗೆ ಪ್ರಾಸ್ಟೇಟ್ ಎಲ್ಲಿದೆ ಅಂತ ಗೊತ್ತಾ?

ಭಾಗ 1

ಹೋದ ತಿಂಗಳಿಂದ ಒಂದೇ ರೀಲನ್ನ ಹನ್ನೊಂದು ಜನ ನನಗೆ ಕಳಿಸಿದ್ದೀರಿ. ಕೆಲವರು "ಇದು ನಿಜಾನಾ?" ಅಂತ. ಕೆಲವರು "ನೋಡು, ನಿಮ್ಮ ಡಾಕ್ಟರ್‌ಗಳ ಬಂಡವಾಳ" ಅಂತ. ರೀಲ್‌ನಲ್ಲಿ ತೋಳು ಉಬ್ಬಿಸಿಕೊಂಡ ಒಬ್ಬ ಅಣ್ಣ ಜಿಮ್ ಕನ್ನಡಿ ಮುಂದೆ ನಿಂತು ಹೇಳ್ತಾರೆ: ಟೆಸ್ಟೋಸ್ಟೆರಾನ್‌ನಿಂದ ಪ್ರಾಸ್ಟೇಟ್ ಕ್ಯಾನ್ಸರ್ ಬರುತ್ತೆ ಅನ್ನೋದು 80 ವರ್ಷದ ಹಳೇ ಸುಳ್ಳು, ಒಬ್ಬೇ ಒಬ್ಬ ರೋಗಿಯನ್ನ ನೋಡಿ ಹೇಳಿದ್ದು, ಈಗ ವಿಜ್ಞಾನಿಗಳೇ ಒಪ್ಪಿಕೊಂಡಿದ್ದಾರೆ, ಭಯ ಬಿಡಿ, ಲೆವೆಲ್ ಏರಿಸಿ, ಗಂಡಸರಾಗಿ. ಬಯೋದಲ್ಲಿ ಲಿಂಕ್ ಇದೆ. ಲಿಂಕ್ ಒತ್ತಿದ್ರೆ ಡಬ್ಬಿ ಇದೆ, ಡಬ್ಬಿಗೆ ರೇಟ್ ಇದೆ, "ಮುಂದಿನ ಹಂತ ಬೇಕಾದವರು ಮೆಸೇಜ್ ಮಾಡಿ" ಅಂತಾನೂ ಇದೆ. ಮುಂದಿನ ಹಂತ ಅಂದ್ರೆ ಇಂಜೆಕ್ಷನ್ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಇದರ ಎದುರಿಗೆ ಇನ್ನೊಂದು ಫಾರ್ವರ್ಡ್ ಇದೆ, ಅದು ನಿಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಮಾವಂದಿರು ಹಾಕೋದು. ಜಿಮ್‌ಗೆ ಹೋದ್ರೆ, ಮೊಟ್ಟೆ ಜಾಸ್ತಿ ತಿಂದ್ರೆ ಗಂಡು ಹಾರ್ಮೋನ್ ಏರಿ ಮುಂದೆ ಕ್ಯಾನ್ಸರ್ ಆಗುತ್ತೆ ಅಂತ.

ಎರಡೂ ತಪ್ಪು. ಆದರೆ ಎರಡರ ತೂಕ ಒಂದೇ ಅಲ್ಲ. ಮಾವನ ಮಾತು ಕೇಳಿದ ಹುಡುಗ ಹೆಚ್ಚಂದ್ರೆ ಮೊಟ್ಟೆ ಬಿಡ್ತಾನೆ. ಅಣ್ಣನ ಮಾತು ಕೇಳಿದ ಹುಡುಗ ದುಡ್ಡು ಕಳಕೊಳ್ತಾನೆ, ಆಮೇಲೆ ಇನ್ನೇನೇನೋ ಕಳಕೊಳ್ತಾನೆ. ಅದಕ್ಕಿಂತ ದೊಡ್ಡ ನಷ್ಟ ಆಗೋದು ಅವನ ಮನೆಯಲ್ಲಿರೋ 65 ದಾಟಿದ ಗಂಡಸರಿಗೆ. ಅದು ಹೇಗೆ ಅಂತ ಹೇಳೋಕೇ ಇಷ್ಟೆಲ್ಲ ಬರೀತಿರೋದು. ಒಂದು ಕ್ಯಾಪ್ಷನ್‌ನಲ್ಲಿ ಹಿಡಿಯಲ್ಲ, ಎಂಟು ಪೋಸ್ಟ್ ಆಗುತ್ತೆ. ನಾನಿನ್ನೂ ಡಾಕ್ಟರ್ ಅಲ್ಲ, ಎಂಬಿಬಿಎಸ್ ಮೂರನೇ ವರ್ಷ. ಆದರೆ ಆ ಅಣ್ಣ ಅದೂ ಅಲ್ಲ.

ಭಾಗ 2

ಮೊದಲು ಜಾಗ ಗೊತ್ತಾಗಲಿ. ಮೂತ್ರಕೋಶದ ಕೆಳಗೆ, ಒಂದು ದೊಡ್ಡ ನೆಲ್ಲಿಕಾಯಿ ಗಾತ್ರದ ಗ್ರಂಥಿ. ಮೂತ್ರನಾಳ ಅದರ ಮಧ್ಯದಿಂದಾನೇ ಹಾದುಹೋಗುತ್ತೆ. ಅದಕ್ಕೇ ವಯಸ್ಸಾದ ಮೇಲೆ ಅದು ಊದಿದಾಗ ಮೂತ್ರ ತಡೆದು ತಡೆದು ಬರೋದು, ರಾತ್ರಿ ನಾಲ್ಕು ಸಲ ಏಳೋದು. ವೀರ್ಯದ ದ್ರವದಲ್ಲಿ ಒಂದು ಪಾಲು ಮಾಡೋದು ಈ ಗ್ರಂಥಿ. ಇದಕ್ಕೆ ಆಡುಮಾತಿನಲ್ಲಿ ಒಂದು ಹೆಸರೇ ಇಲ್ಲ ನೋಡಿ. ಹೊಟ್ಟೆ, ಗುಂಡಿಗೆ, ಕರುಳು, ಪಿತ್ತಕೋಶ ಎಲ್ಲಕ್ಕೂ ಇದೆ. ಇದಕ್ಕೆ ಮಾತ್ರ ಆಸ್ಪತ್ರೆಗೆ ಹೋದ ಮೇಲೇ ಹೆಸರು. ಹೆಸರಿಲ್ಲದ ಅಂಗಕ್ಕೆ ನೋವಾದ್ರೆ ಹೇಳೋದಾದ್ರೂ ಹೇಗೆ? "ಅಲ್ಲಿ" ಅಂತಾರೆ ಅಷ್ಟೆ.

ಹಾರ್ಮೋನಿನ ದಾರಿ ಹೀಗಿದೆ. ಮೆದುಳಿನ ಹೈಪೊಥಲಾಮಸ್ ಪಿಟ್ಯೂಟರಿಗೆ ಹೇಳುತ್ತೆ, ಪಿಟ್ಯೂಟರಿ ವೃಷಣಕ್ಕೆ ಹೇಳುತ್ತೆ, ವೃಷಣ ಟೆಸ್ಟೋಸ್ಟೆರಾನ್ ಮಾಡುತ್ತೆ. ರಕ್ತದಲ್ಲಿ ಸಾಕಷ್ಟು ಇದೆ ಅಂತ ಮೆದುಳಿಗೆ ಕಂಡರೆ ಆರ್ಡರ್ ನಿಲ್ಲಿಸುತ್ತೆ. (ಬ್ಯಾಚ್‌ನವರೇ, ಇದನ್ನ ಇಂಟರ್ನಲ್ಸ್‌ನಲ್ಲಿ ಹತ್ತು ಅಂಕಕ್ಕೆ ಬರೆದು, ಆಮೇಲೆ ಆ ರೀಲ್‌ಗೆ ಬೆಂಕಿ ಇಮೋಜಿ ಹಾಕಿದವರು ಯಾರ್ಯಾರು ಅಂತ ನೋಡಿದೀನಿ.) ಪ್ರಾಸ್ಟೇಟ್ ಒಳಗೆ ಹೋದ ಟೆಸ್ಟೋಸ್ಟೆರಾನ್, 5-ಆಲ್ಫಾ ರಿಡಕ್ಟೇಸ್ ಅನ್ನೋ ಕಿಣ್ವದಿಂದ ಡಿಎಚ್‌ಟಿ ಆಗಿ ಬದಲಾಗುತ್ತೆ. ಇದು ಇನ್ನೂ ಖಾರ. ಇದು ಜೀವಕೋಶದ ಒಳಗಿರೋ ಆಂಡ್ರೊಜೆನ್ ರಿಸೆಪ್ಟರ್‌ಗೆ ಹೋಗಿ ಕೂತರೆ ಗ್ರಂಥಿ ಬೆಳೆಯುತ್ತೆ.

ಇದು ಹೇಗೆ ತಿಳೀತು ಅನ್ನೋದು ಒಂದು ಒಳ್ಳೇ ಕಥೆ. ಡೊಮಿನಿಕನ್ ರಿಪಬ್ಲಿಕ್‌ನ ಸಲೀನಾಸ್ ಅನ್ನೋ ಊರಲ್ಲಿ ಕೆಲವು ಮಕ್ಕಳು ಹುಟ್ಟಿದಾಗ ಹೆಣ್ಣುಮಕ್ಕಳ ಹಾಗೆ ಕಾಣ್ತಿದ್ರು, ಹಾಗೇ ಬೆಳೆಸ್ತಿದ್ರು. ಹನ್ನೆರಡು ವರ್ಷದ ಸುಮಾರಿಗೆ ದನಿ ಒಡೆದು ಗಂಡಾಗ್ತಿದ್ರು. ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲೆ ಅನ್ನೋ ವೈದ್ಯೆ ಮತ್ತವರ ತಂಡ 1974ರಲ್ಲಿ ಇದರ ಕಾರಣ ಪ್ರಕಟಿಸಿದ್ರು. ಅವರಿಗೆ ಟೆಸ್ಟೋಸ್ಟೆರಾನ್ ಮಾಮೂಲಾಗೇ ಇತ್ತು, ಅದನ್ನ ಡಿಎಚ್‌ಟಿ ಮಾಡೋ ಕಿಣ್ವ ಇರಲಿಲ್ಲ. ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್ ಪುಟ್ಟದಾಗೇ ಉಳೀತಿತ್ತು. ಅಂದ್ರೆ ಪ್ರಾಸ್ಟೇಟ್ ಬೆಳೆಯೋಕೆ ಈ ಹಾರ್ಮೋನು ಬೇಕೇಬೇಕು. ಆ ಕಿಣ್ವವನ್ನ ತಡೆಯೋ ಔಷಧಿಯೇ ಫಿನಾಸ್ಟರೈಡ್. ಹೌದು, ಕೂದಲು ಉದುರುತ್ತೆ ಅಂತ ನಿಮ್ಮಲ್ಲಿ ಕೆಲವರು ನುಂಗ್ತಿರೋದು ಅದೇ. ಅದಕ್ಕೆ ಕೊನೇಲಿ ಬರ್ತೀನಿ.

ಭಾಗ 3

ಈಗ ಆ "80 ವರ್ಷದ ಹಳೇ ಸುಳ್ಳು".

ಶಿಕಾಗೊ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ ಅನ್ನೋ ಸರ್ಜನ್ ನಾಯಿಗಳ ಪ್ರಾಸ್ಟೇಟ್ ರಸ ಅಳೀತಾ ಕೂತಿದ್ರು. ಮನುಷ್ಯನ ಹಾಗೆ ನಾಯಿಗೂ ವಯಸ್ಸಾದ್ರೆ ಪ್ರಾಸ್ಟೇಟ್ ಊದುತ್ತೆ, ಗಡ್ಡೆ ಆಗುತ್ತೆ. ವೃಷಣ ತೆಗೆದರೆ ಗ್ರಂಥಿ ಕುಗ್ಗಿಹೋಗೋದನ್ನ ಅವರು ಕಂಡ್ರು. ಅಲ್ಲಿಂದ ಮನುಷ್ಯರಿಗೆ ಬಂದ್ರು. ಮೂಳೆಗೆಲ್ಲ ಕ್ಯಾನ್ಸರ್ ಹರಡಿ, ನೋವಿಗೆ ಮಾರ್ಫಿನ್ ಬಿಟ್ಟು ಬೇರೆ ದಾರಿ ಇಲ್ಲದೆ ಮಲಗಿದ್ದ ಗಂಡಸರಿಗೆ ವೃಷಣ ತೆಗೆದ್ರು, ಇಲ್ಲಾ ಈಸ್ಟ್ರೊಜೆನ್ ಕೊಟ್ರು. ಕ್ಯಾನ್ಸರ್‌ನ ಅಳತೆಗೆ ಆಗ ಇದ್ದ ಆಸಿಡ್ ಫಾಸ್ಫಟೇಸ್ ಅನ್ನೋ ರಕ್ತದ ಅಂಶ ಇಳೀತು. ಹಲವರ ನೋವು ಇಳೀತು. ಹಾಸಿಗೆ ಬಿಟ್ಟು ಎದ್ದವರೂ ಇದ್ರು. ಕ್ಲಾರೆನ್ಸ್ ಹಾಡ್ಜಸ್ ಜೊತೆ ಬರೆದ ಆ ಪೇಪರ್ ಬಂದದ್ದು 1941ರಲ್ಲಿ. 1966ರಲ್ಲಿ ಹಗಿನ್ಸ್‌ಗೆ ನೊಬೆಲ್ ಬಂತು.

ಹಳ್ಳಿಯವರಿಗೆ ಇದರಲ್ಲಿ ಅರ್ಧ ಗೊತ್ತೇ ಇರುತ್ತೆ. ಹೋರಿಗೆ ಬೀಜ ಒಡೆಸಿದ್ರೆ ಎತ್ತಾಗುತ್ತೆ, ಮೈಕಟ್ಟು ಬದಲಾಗುತ್ತೆ, ಸಿಟ್ಟು ಇಳಿಯುತ್ತೆ. ಬೀಜದಿಂದ ಏನೋ ಒಂದು ರಕ್ತಕ್ಕೆ ಹೋಗುತ್ತೆ ಅನ್ನೋದು ರೈತನಿಗೆ ನೊಬೆಲ್‌ಗಿಂತ ಮುಂಚೆ ಗೊತ್ತು. ಹಗಿನ್ಸ್ ತೋರಿಸಿದ ಹೊಸದು ಏನಂದ್ರೆ, ಹರಡಿಹೋದ ಕ್ಯಾನ್ಸರ್ ಕೂಡ ತನ್ನ ತವರನ್ನ ಮರೆತಿಲ್ಲ. ಮೂಳೆಯಲ್ಲಿ ಕೂತಿದ್ರೂ ಅದಕ್ಕೆ ಊಟ ಅದೇ ಹಾರ್ಮೋನು.

ಹಾಗಾದ್ರೆ ಸುಳ್ಳು ಎಲ್ಲಿದೆ? ಅದೇ ಪೇಪರ್‌ನ ಇನ್ನೊಂದು ಮೂಲೆಯಲ್ಲಿ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಟ್ಟರೆ ಕ್ಯಾನ್ಸರ್ ಜೋರಾಗುತ್ತೆ ಅಂತಾನೂ ಅವರು ಬರೆದಿದ್ರು. ಹಾರ್ವರ್ಡ್‌ನ ಯೂರಾಲಜಿಸ್ಟ್ ಏಬ್ರಹಾಂ ಮಾರ್ಗೆಂಟೇಲರ್ 2000ದ ದಶಕದಲ್ಲಿ ಆ ಮೂಲ ಪೇಪರನ್ನ ತೆಗೆದು ಓದಿದ್ರು. ಇಂಜೆಕ್ಷನ್ ಕೊಟ್ಟದ್ದು ಮೂವರಿಗೆ. ಫಲಿತಾಂಶ ಕೊಟ್ಟದ್ದು ಇಬ್ಬರದು. ಆ ಇಬ್ಬರಲ್ಲಿ ಒಬ್ಬರಿಗೆ ಆಗಲೇ ವೃಷಣ ತೆಗೆದಾಗಿತ್ತು. ಉಳಿದದ್ದು ಒಬ್ಬ ರೋಗಿ. ಆ ಒಬ್ಬರ ರಕ್ತದ ಮೇಲೆ ಎರಡು ತಲೆಮಾರಿನ ವೈದ್ಯರು "ಟೆಸ್ಟೋಸ್ಟೆರಾನ್ ಜಾಸ್ತಿ ಆದ್ರೆ ಪ್ರಾಸ್ಟೇಟ್ ಕ್ಯಾನ್ಸರ್" ಅಂತ ಕಂಠಪಾಠ ಮಾಡಿದ್ರು. ಇಲ್ಲಿ ರೀಲ್‌ನ ಅಣ್ಣ ಹೇಳಿದ್ದು ನಿಜ. ನಿಜವನ್ನ ನಿಜ ಅಂತಾನೇ ಹೇಳಬೇಕು. ಅವರ ಮೋಸ ಶುರುವಾಗೋದು ಇದರ ಮುಂದಿನ ವಾಕ್ಯದಿಂದ.

ಭಾಗ 4

ಹಾರ್ಮೋನ್ ಲೆವೆಲ್ ಜಾಸ್ತಿ ಇದ್ದವರಿಗೇ ಈ ಕ್ಯಾನ್ಸರ್ ಬರೋದಾ? ಒಬ್ಬ ರೋಗಿ ಬಿಡಿ, ಸಾವಿರಾರು ಜನರನ್ನ ನೋಡಿದಾರೆ. 2008ರಲ್ಲಿ 18 ಅಧ್ಯಯನಗಳನ್ನ ಒಟ್ಟು ಮಾಡಿ ಲೆಕ್ಕ ಹಾಕಿದ್ರು. ಕ್ಯಾನ್ಸರ್ ಬಂದ 3,886 ಗಂಡಸರು, ಬರದ 6,438 ಗಂಡಸರು. ಎಲ್ಲರದೂ ಕಾಯಿಲೆಗೆ ಮುಂಚೆಯೇ ತೆಗೆದಿಟ್ಟ ರಕ್ತ. ಟೆಸ್ಟೋಸ್ಟೆರಾನ್ ಜಾಸ್ತಿ ಇದ್ದವರಿಗೆ ಕ್ಯಾನ್ಸರ್ ಜಾಸ್ತಿ ಅನ್ನೋ ಸಂಬಂಧ ಸಿಗಲಿಲ್ಲ. ಡಿಎಚ್‌ಟಿಗೂ ಸಿಗಲಿಲ್ಲ.

ಸಾಮಾನ್ಯ ಬುದ್ಧಿಗೂ ಒಂದು ಪ್ರಶ್ನೆ ಬರುತ್ತೆ: ಈ ಹಾರ್ಮೋನು ತುಂಬಿ ತುಳುಕೋದು ಇಪ್ಪತ್ತರ ಹರೆಯದಲ್ಲಿ, ಆಮೇಲೆ ನಿಧಾನವಾಗಿ ಇಳಿಯುತ್ತೆ. ಕ್ಯಾನ್ಸರ್ ಬರೋದು ಅರವತ್ತು ದಾಟಿದ ಮೇಲೆ. ಮಾವನ ಫಾರ್ವರ್ಡ್ ನಿಜವಾಗಿದ್ರೆ ಹಾಸ್ಟೆಲ್ ಹುಡುಗರಿಂದ ವಾರ್ಡ್ ತುಂಬಬೇಕಿತ್ತು. ಆದ್ರೆ ಈ ವಾದ ಒಂದನ್ನೇ ನೆಚ್ಚಿಕೊಳ್ಳಬೇಡಿ. ಕ್ಯಾನ್ಸರ್ ಹುಟ್ಟಿ ಕಾಣಿಸಿಕೊಳ್ಳೋಕೆ ದಶಕಗಳು ಬೇಕು, ಬೀಡಿ ಸೇದಿದವನಿಗೂ ಮಾರನೇ ದಿನ ಏನೂ ಆಗಿರಲ್ಲ.

ಹಾಗಾದ್ರೆ ವೃಷಣ ತೆಗೆದರೆ ಕ್ಯಾನ್ಸರ್ ಕುಗ್ಗುತ್ತೆ, ಆದ್ರೆ ಲೆವೆಲ್ ಜಾಸ್ತಿ ಇದ್ದವರಿಗೆ ಕ್ಯಾನ್ಸರ್ ಜಾಸ್ತಿ ಇಲ್ಲ. ಎರಡೂ ಒಟ್ಟಿಗೆ ಹೇಗೆ ನಿಜ?

ಮಾರ್ಗೆಂಟೇಲರ್ ಮತ್ತು ಟ್ರೈಶ್ 2009ರಲ್ಲಿ ಇದಕ್ಕೊಂದು ವಿವರಣೆ ಕೊಟ್ರು. ನಾನು ನಮ್ಮ ಊರಿನ ರಾಜಹಂಸ ಬಸ್ಸಿನ ಲೆಕ್ಕದಲ್ಲಿ ಹೇಳ್ತೀನಿ. ಬಸ್ಸಲ್ಲಿ ಇರೋ ಸೀಟು ಇಷ್ಟೇ, ನಿಂತುಕೊಂಡು ಹೋಗೋ ಹಾಗಿಲ್ಲ. ಸೀಟು ಅಂದ್ರೆ ಆಂಡ್ರೊಜೆನ್ ರಿಸೆಪ್ಟರ್. ಖಾಲಿ ಬಸ್ಸಿಗೆ ಹತ್ತು ಜನ ಹತ್ತಿದ್ರೆ ಕಂಡಕ್ಟರ್ ಚೀಲ ತುಂಬುತ್ತಾ ಹೋಗುತ್ತೆ. ಸೀಟೆಲ್ಲ ತುಂಬಿದ ಮೇಲೆ ಸ್ಟ್ಯಾಂಡಲ್ಲಿ ಇನ್ನೂ ಇನ್ನೂರು ಜನ ಕಾಯ್ತಾ ನಿಂತಿದ್ರೂ ಒಂದು ಟಿಕೆಟ್ ಜಾಸ್ತಿ ಹರಿಯಲ್ಲ. ಆರೋಗ್ಯವಂತ ಗಂಡಸಿನಲ್ಲಿ ಆ ಸೀಟುಗಳು ಮಾಮೂಲು ಮಟ್ಟದ ಕೆಳಗಿನ ತುದಿಯಲ್ಲೇ ತುಂಬಿರುತ್ತೆ. 400 ಇದ್ದವನಿಗೂ 800 ಇದ್ದವನಿಗೂ ಪ್ರಾಸ್ಟೇಟ್ ಪಾಲಿಗೆ ದೊಡ್ಡ ವ್ಯತ್ಯಾಸ ಇಲ್ಲ. ಆದ್ರೆ 50ರ ಕೆಳಗೆ ತಳ್ಳಿದ್ರೆ ಬಸ್ಸು ಖಾಲಿ. ಆಗ ಕ್ಯಾನ್ಸರ್ ಹಸಿಯುತ್ತೆ.

ಈ ಮಾದರಿಗೆ ಹೊಂದೋ ಹಾಗೆ 2018ರಲ್ಲಿ ಇನ್ನೊಂದು ದೊಡ್ಡ ಲೆಕ್ಕ ಬಂತು. 20 ಅಧ್ಯಯನ, ಕ್ಯಾನ್ಸರ್ ಬಂದವರು 6,933. ಫ್ರೀ ಟೆಸ್ಟೋಸ್ಟೆರಾನ್ ಅತೀ ಕಡಿಮೆ ಇದ್ದ ಹತ್ತನೇ ಒಂದು ಪಾಲಿನವರಲ್ಲಿ ಮಾತ್ರ ಕ್ಯಾನ್ಸರ್ ಅಪಾಯ ಸುಮಾರು ಶೇ. 23ರಷ್ಟು ಕಡಿಮೆ. ಉಳಿದ ಒಂಬತ್ತು ಪಾಲಿನವರಲ್ಲಿ ಏರಿದ ಹಾಗೆ ಏರೋದು ಏನೂ ಇಲ್ಲ. ಆದರೆ ಅದೇ ಕಡಿಮೆ ಗುಂಪಿನಲ್ಲಿ ಕ್ಯಾನ್ಸರ್ ಬಂದ್ರೆ ಅದು ಹೆಚ್ಚು ಆಕ್ರಮಣಕಾರಿ ಆಗಿರೋ ಸುಳಿವೂ ಸಿಕ್ತು. ಅಂದ್ರೆ ಲೆವೆಲ್ ಕಡಿಮೆ ಇರೋದು ವರ ಅಂತಾನೂ ಅಲ್ಲ.

ಇಷ್ಟರಲ್ಲಿ ಯಾವ ಮಾತನ್ನ ಮೂವತ್ತು ಸೆಕೆಂಡಿನ ರೀಲ್‌ನಲ್ಲಿ ಕೂರಿಸೋಕೆ ಆಗುತ್ತೆ ಹೇಳಿ? "ಸಂಬಂಧ ಇಲ್ಲ" ಅನ್ನೋದನ್ನ ಕೂರಿಸಬಹುದು. ಅದನ್ನೇ ಕೂರಿಸಿದಾರೆ. ಕ್ಯಾನ್ಸರ್ ಹುಟ್ಟಿಸೋದು ಬೇರೆ, ಹುಟ್ಟಿದ ಕ್ಯಾನ್ಸರ್‌ಗೆ ಅನ್ನ ಹಾಕೋದು ಬೇರೆ. ಮೊದಲನೆಯದಕ್ಕೆ ಪುರಾವೆ ಸಿಕ್ಕಿಲ್ಲ ಅಂತ ತೋರಿಸಿ ಎರಡನೆಯದೂ ಸುಳ್ಳು ಅಂತ ಮಾರೋದು ವಿಜ್ಞಾನ ಅಲ್ಲ, ತಕ್ಕಡಿ ಕೆಳಗೆ ಹುಣಸೆಹಣ್ಣು ಅಂಟಿಸೋ ಕೆಲಸ.

ಭಾಗ 5

"ಆದ್ರೆ ಟ್ರಾವರ್ಸ್ ಟ್ರಯಲ್ ಇದೆಯಲ್ಲ" ಅಂತ ಒಬ್ಬರು ಮೆಸೇಜ್ ಮಾಡಿದ್ರು. ಇದೆ. ಒಳ್ಳೇ ಟ್ರಯಲ್. 2023ರಲ್ಲಿ ಬಂತು. 5,200ಕ್ಕೆ ಸ್ವಲ್ಪ ಕಡಿಮೆ ಗಂಡಸರ ಪ್ರಾಸ್ಟೇಟ್ ಲೆಕ್ಕ ಕೊಟ್ಟಿದಾರೆ. ಅರ್ಧ ಜನಕ್ಕೆ ಟೆಸ್ಟೋಸ್ಟೆರಾನ್ ಜೆಲ್, ಅರ್ಧ ಜನಕ್ಕೆ ಬರೀ ಜೆಲ್. ಪ್ರಾಸ್ಟೇಟ್ ಕ್ಯಾನ್ಸರ್ ಬಂದದ್ದು ಅಲ್ಲಿ 12 ಜನಕ್ಕೆ, ಇಲ್ಲಿ 11 ಜನಕ್ಕೆ. ವ್ಯತ್ಯಾಸ ಇಲ್ಲ ಅಂತಾನೇ ಹೇಳಬೇಕು.

ಈಗ ಯಾರ ಮೇಲೆ ಮಾಡಿದ್ದು ನೋಡಿ. ವಯಸ್ಸು 45ರಿಂದ 80. ಎಲ್ಲರಿಗೂ ಹಾರ್ಮೋನು ನಿಜವಾಗಿ ಕಡಿಮೆ, ಲಕ್ಷಣಗಳೂ ಇದ್ದವು. ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರನ್ನ, ಪಿಎಸ್‌ಎ ಏರಿದ್ದವರನ್ನ ಮೊದಲೇ ಹೊರಗಿಟ್ಟಿದ್ರು. ಡೋಸ್ ಕೊಟ್ಟದ್ದು ಮಾಮೂಲು ಮಟ್ಟಕ್ಕೆ ತರೋಕೆ, ಅದನ್ನ ದಾಟಿಸೋಕೆ ಅಲ್ಲ. ಮತ್ತೆ ಮತ್ತೆ ರಕ್ತ ನೋಡ್ತಾ ಇದ್ರು. ನಿಗಾ ಇಟ್ಟದ್ದು ಸರಾಸರಿ ಮೂರು ವರ್ಷಕ್ಕೂ ಕಡಿಮೆ. ಇಷ್ಟಿದ್ರೂ ಹೃದಯದ ಲಯ ತಪ್ಪೋದು, ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗೋದು, ಕಿಡ್ನಿಗೆ ಪೆಟ್ಟು ಬೀಳೋದು ಜೆಲ್ ಹಚ್ಚಿದವರಲ್ಲಿ ಜಾಸ್ತಿ ಕಂಡಿತು.

ಆ 60 ವರ್ಷದ ಕೊರತೆಯ ರೋಗಿಯ ಫಲಿತಾಂಶವನ್ನ 21 ವರ್ಷದ, ಎಲ್ಲಾ ಸರಿ ಇರೋ, ತಿಂಗಳಿಗೆ ಪಿಜಿ ಬಾಡಿಗೆ ಕಟ್ಟೋಕೆ ಒದ್ದಾಡೋ ಹುಡುಗನಿಗೆ ಅಂಟಿಸ್ತಾರಲ್ಲ, ಇವರಿಗೆ ನಾಚಿಕೆ ಅನ್ನೋದು ಯಾವ ಲೆವೆಲ್‌ನಲ್ಲಿದೆ? ಟೆಸ್ಟೋಸ್ಟೆರಾನ್ ಇಂಜೆಕ್ಷನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರೋ ಹಾಗೇ ಇಲ್ಲ. ಜಿಮ್ ಬ್ಯಾಗಿಂದ ಬರೋ ಸೀಸೆಯಲ್ಲಿ ಏನಿದೆ ಅಂತ ಕೊಡೋನಿಗೂ ಗೊತ್ತಿರಲ್ಲ.

ಇನ್ನೊಂದು ವಿಷಯ, ಇದನ್ನ ಆ ಅಣ್ಣ ಸತ್ತರೂ ಹೇಳಲ್ಲ. ಹೊರಗಿಂದ ಹಾರ್ಮೋನು ಹಾಕಿದ್ರೆ ಮೆದುಳು ಆರ್ಡರ್ ನಿಲ್ಲಿಸುತ್ತೆ (ಭಾಗ 2 ನೆನಪಿದ್ಯಾ?). ವೃಷಣಕ್ಕೆ ಕೆಲಸ ಇಲ್ಲ, ಅದು ಕುಗ್ಗುತ್ತೆ, ವೀರ್ಯಾಣು ನಿಲ್ಲುತ್ತೆ. ಇದು ಎಷ್ಟು ಖಚಿತ ಅಂದ್ರೆ, ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಗಂಡಸರ ಗರ್ಭನಿರೋಧಕ ಅಂತಾನೇ ಪರೀಕ್ಷೆ ಮಾಡಿತ್ತು! 1990ರಲ್ಲಿ ಪ್ರಕಟವಾಯ್ತು. ವಾರಕ್ಕೆ 200 ಮಿಲಿಗ್ರಾಂ ಇಂಜೆಕ್ಷನ್ ತಗೊಂಡ 271 ಗಂಡಸರಲ್ಲಿ 157 ಜನರ ವೀರ್ಯಾಣು ಎಣಿಕೆ ಸೊನ್ನೆಗೆ ಬಂತು. "ಗಂಡಸರಾಗಿ" ಅಂತ ಮಾರ್ತಿರೋದು ಏನನ್ನ ಅಂತ ಈಗ ಇನ್ನೊಂದು ಸಲ ಓದಿ.

ಭಾಗ 6

ಈಗ ಮನೆಯ ವಿಷಯ. ದೊಡ್ಡಪ್ಪನನ್ನ ಕೇಳಿಯೇ ಬರೀತಿದೀನಿ. "ಹೆಸರು ಹಾಕ್ಬೇಡ, ಬೇಕಾದ್ರೆ ಬರ್ಕೋ" ಅಂದ್ರು.

ದೊಡ್ಡಪ್ಪಂಗೆ 68. ಸೊಂಟ ನೋವು ಅಂತ ಒಂದು ವರ್ಷ ಎಣ್ಣೆ ತಿಕ್ಕಿಸ್ಕೊಂಡ್ರು, ವಾಯು ಅಂದ್ಕೊಂಡಿದ್ರು. ರಾತ್ರಿ ಐದು ಸಲ ಏಳೋದು ವಯಸ್ಸಿನ ಗುಣ ಅಂದ್ಕೊಂಡಿದ್ರು. ಕೊನೆಗೆ ಆಸ್ಪತ್ರೆಯಲ್ಲಿ ನೋಡಿದಾಗ ಪಿಎಸ್‌ಎ ನೂರರ ಮೇಲಿತ್ತು, ಸಾಮಾನ್ಯವಾಗಿ 4ರ ಒಳಗೆ ಇರಬೇಕು ಅಂತಾರೆ. ಸ್ಕ್ಯಾನ್‌ನಲ್ಲಿ ಬೆನ್ನುಮೂಳೆ, ಸೊಂಟದ ಮೂಳೆ ಎರಡರಲ್ಲೂ ಚುಕ್ಕೆಗಳು. ಡಾಕ್ಟರ್ ಕೂರಿಸಿ ಸರಿಯಾಗಿಯೇ ಹೇಳಿದ್ರು: ಹಾರ್ಮೋನು ನಿಲ್ಲಿಸಬೇಕು, ಎರಡು ದಾರಿ ಇದೆ. ಮೂರು ತಿಂಗಳಿಗೊಂದು ಇಂಜೆಕ್ಷನ್, ಇಲ್ಲಾ ಒಂದೇ ಸಲ ಚಿಕ್ಕ ಆಪರೇಷನ್, ವೃಷಣ ತೆಗೆಯೋದು. ಇಂಜೆಕ್ಷನ್‌ಗೆ ಜೀವನ ಪೂರ್ತಿ ಖರ್ಚು. ಆಪರೇಷನ್ ಅಗ್ಗ, ಒಂದೆರಡು ದಿನದಲ್ಲಿ ಮನೆ.

ಮನೆಯಲ್ಲಿ ಮೌನ. ಆಮೇಲೆ ಬಂದುಹೋದ ಗಂಡಸರು ಒಬ್ಬೊಬ್ಬರೇ ಬಾಯಿ ಬಿಟ್ರು. "ಗಂಡಸಿಗೆ ಅದೇ ಇಲ್ದಿದ್ಮೇಲೆ ಇನ್ನೇನು?" "ಹಂಗೆ ಬದುಕೋದಕ್ಕಿಂತ..." ವಾಕ್ಯ ಮುಗಿಸ್ತಿರಲಿಲ್ಲ. ಹೆಚ್ಚು ಓದಿದ ಒಬ್ಬರು ಫೋನಲ್ಲಿ ಒಂದು ವಿಡಿಯೋ ತೋರಿಸಿದ್ರು, ಟೆಸ್ಟೋಸ್ಟೆರಾನ್‌ಗೂ ಪ್ರಾಸ್ಟೇಟ್‌ಗೂ ಸಂಬಂಧವೇ ಇಲ್ಲ, ಹಾರ್ಮೋನು ನಿಲ್ಲಿಸೋದು ದುಡ್ಡು ಹೊಡೆಯೋ ದಾರಿ ಅಂತ. ಅವತ್ತು ನನಗೆ ತಲೆ ಕೆಟ್ಟದ್ದು ಅದಕ್ಕೆ. ಆ ರೀಲ್‌ನವರು ಇಪ್ಪತ್ತರ ಹುಡುಗನಿಗೆ ಬಿಟ್ಟ ಬಾಣ ಬಂದು ನೆಟ್ಟದ್ದು ಅರವತ್ತೆಂಟರ ರೈತನ ಬೆನ್ನಿಗೆ. ನಾಲ್ಕು ತಿಂಗಳು ದೊಡ್ಡಪ್ಪ ಏನೂ ಮಾಡಿಸಲಿಲ್ಲ. ಆ ನಾಲ್ಕು ತಿಂಗಳಲ್ಲಿ ಹಾಲು ಕರೆಯೋಕೆ ಕುಕ್ಕರಗಾಲಲ್ಲಿ ಕೂರೋದು ನಿಂತಿತು, ಆಮೇಲೆ ಮೆಟ್ಟಿಲು ಹತ್ತೋದು ನಿಂತಿತು.

ಕೊನೆಗೆ ಮಾತಾಡಿದ್ದು ದೊಡ್ಡಮ್ಮ. ಅವರು ಓದಿರೋದು ನಾಲ್ಕನೇ ಕ್ಲಾಸು. ಕಾಫಿ ಲೋಟ ಇಡ್ತಾ ಅಂದ್ರು: "ಕೊಟ್ಟಿಗೇಲಿರೋ ಎತ್ತಿಗೆ ಬೀಜ ಒಡೆಸಿಲ್ವಾ? ಉಳೋದು ಅದೇ ತಾನೆ? ಹೊಲಕ್ಕೆ ಹೋರಿ ಕಟ್ಕೊಂಡು ಹೋಗ್ತೀರಾ?" ಅಷ್ಟೇ. ಮಾರನೇ ವಾರ ಆಪರೇಷನ್ ಆಯ್ತು. ಒಂದು ತಿಂಗಳೊಳಗೆ ನೋವಿನ ಮಾತ್ರೆ ಅರ್ಧಕ್ಕೆ ಇಳೀತು, ಪಿಎಸ್‌ಎ ಒಂದಂಕಿಗೆ ಬಂತು.

ಸುಲಭ ಅಂತ ನಾನು ಹೇಳ್ತಿಲ್ಲ. ಮೈಯೆಲ್ಲ ಇದ್ದಕ್ಕಿದ್ದಂತೆ ಬಿಸಿಯೇರಿ ಬೆವರುತ್ತೆ, ಹೆಂಗಸರಿಗೆ ಮುಟ್ಟು ನಿಲ್ಲೋವಾಗ ಆಗೋ ಹಾಗೆ. ಸ್ನಾಯು ಕರಗುತ್ತೆ, ಹೊಟ್ಟೆ ಬರುತ್ತೆ, ಮೂಳೆ ಸವೆಯುತ್ತೆ, ಆಸೆ ಇಳಿಯುತ್ತೆ, ಮನಸ್ಸು ಮಂಕಾಗುತ್ತೆ. ಇದನ್ನ ಮುಚ್ಚಿಟ್ಟು ಒಪ್ಪಿಸಬಾರದು. ಅದಕ್ಕೇ ವ್ಯಾಯಾಮ, ಕ್ಯಾಲ್ಸಿಯಂ, ವಿಟಮಿನ್ ಡಿ, ಶುಗರ್ ಮತ್ತು ಹೃದಯದ ತಪಾಸಣೆ ಎಲ್ಲಾ ಜೊತೆಗೇ ನಡೀಬೇಕು. ಆದರೆ ಇದು ಕಷ್ಟದ ಪಟ್ಟಿ, ಗಂಡಸುತನ ಕಳೆದುಕೊಂಡ ಪಟ್ಟಿ ಅಲ್ಲ.

ಆ ಇಂಜೆಕ್ಷನ್ ಹುಟ್ಟಿದ್ದೂ ಸ್ವಾರಸ್ಯ. ಹೈಪೊಥಲಾಮಸ್ ಕಳಿಸೋ ಆ ಆರ್ಡರ್ ಚೀಟಿ ಯಾವುದು ಅಂತ ಆಂಡ್ರೂ ಶಾಲಿ ಹಂದಿಗಳ ಮೆದುಳಿಂದ, ರೋಜರ್ ಗಿಯ್ಮಾ ಕುರಿಗಳ ಮೆದುಳಿಂದ ಹುಡುಕ್ತಿದ್ರು, ಒಬ್ಬರಿಗೊಬ್ಬರು ಜಿದ್ದಿಗೆ ಬಿದ್ದು. 1971ರಲ್ಲಿ ಶಾಲಿ ತಂಡ ಅದರ ರಚನೆ ಹೇಳಿತು. 1977ರಲ್ಲಿ ಇಬ್ಬರಿಗೂ ನೊಬೆಲ್. ಆ ಚೀಟಿಯನ್ನೇ ಬಿಡುವಿಲ್ಲದೆ ಕಳಿಸ್ತಾ ಇದ್ರೆ ಪಿಟ್ಯೂಟರಿ ಸುಸ್ತಾಗಿ ಕಿವಿ ಮುಚ್ಕೊಳ್ಳುತ್ತೆ, ವೃಷಣ ನಿಲ್ಲುತ್ತೆ. ಆದ್ರೆ ಮೊದಲ ಒಂದೆರಡು ವಾರ ಉಲ್ಟಾ, ಟೆಸ್ಟೋಸ್ಟೆರಾನ್ ಏರುತ್ತೆ. ಬೆನ್ನುಮೂಳೆಯಲ್ಲಿ ಗಡ್ಡೆ ಇದ್ದವರಿಗೆ ಆ ಏರಿಕೆಯಿಂದ ಗಡ್ಡೆ ಊದಿ ಬೆನ್ನುಹುರಿ ಒತ್ತಬಹುದು ಅಂತ, ಅದನ್ನ ತಡೆಯೋ ಮಾತ್ರೆ ಮೊದಲು ಕೊಡ್ತಾರೆ. "ಸಂಬಂಧವೇ ಇಲ್ಲ" ಅನ್ನೋರು ಆ ಮಾತ್ರೆ ಚೀಟಿ ಯಾಕೆ ಬರೀತಾರೆ ಅಂತ ಒಮ್ಮೆ ವಿವರಿಸಲಿ.

ಭಾಗ 7

ನನ್ನ ಜಗಳ ಹಾರ್ಮೋನಿನ ಜೊತೆ ಅಲ್ಲ, ಜಿಮ್ ಜೊತೆಗೂ ಅಲ್ಲ. ನಾನೂ ಹೋಗ್ತೀನಿ. ಜಗಳ ಇರೋದು ಒಂದು ನಂಬರನ್ನ ಗಂಡಸುತನದ ಮೀಟರ್ ಮಾಡಿದವರ ಜೊತೆ. ಆ ಮೀಟರ್ ಪ್ರಕಾರ ನಮ್ಮ ದೊಡ್ಡಪ್ಪ, ಈಗ 50ರ ಕೆಳಗೆ ಇರೋ ದೊಡ್ಡಪ್ಪ, ಬೆಳಿಗ್ಗೆ ಐದಕ್ಕೆ ಎದ್ದು ಅಡಿಕೆ ತೋಟಕ್ಕೆ ನೀರು ಬಿಟ್ಟು ಬರೋ ದೊಡ್ಡಪ್ಪ ಗಂಡಸೇ ಅಲ್ಲ. ಲ್ಯಾಬ್ ರಿಪೋರ್ಟಿನ ಸ್ಕ್ರೀನ್‌ಶಾಟ್ ಹಾಕಿ "890, ಸೋಲಿಸಿ ನೋಡಿ" ಅನ್ನೋನು ಗಂಡಸು. ಈ ಅಳತೆ ಒಪ್ಪೋದಾದ್ರೆ ಒಪ್ಪಿ, ಆದರೆ ನಿಮ್ಮಪ್ಪನ ಕಣ್ಣು ನೋಡಿಕೊಂಡು ಒಪ್ಪಿ.

2022ರಲ್ಲಿ ಜಗತ್ತಿನಲ್ಲಿ ಸುಮಾರು 14.7 ಲಕ್ಷ ಗಂಡಸರಿಗೆ ಈ ಕ್ಯಾನ್ಸರ್ ಪತ್ತೆಯಾಯ್ತು, ಸುಮಾರು 4 ಲಕ್ಷ ಜನ ತೀರಿಕೊಂಡ್ರು. ಭಾರತದ ಅಂದಾಜು ಸುಮಾರು 38 ಸಾವಿರ ಹೊಸ ರೋಗಿಗಳು. 2040ರ ಹೊತ್ತಿಗೆ ಜಗತ್ತಿನಲ್ಲಿ ವರ್ಷಕ್ಕೆ 29 ಲಕ್ಷ ಆಗುತ್ತೆ ಅಂತ 2024ರ ಲ್ಯಾನ್ಸೆಟ್ ಆಯೋಗ ಲೆಕ್ಕ ಹಾಕಿದೆ, ಮುಖ್ಯವಾಗಿ ಜನ ಹೆಚ್ಚು ವರ್ಷ ಬದುಕ್ತಿರೋದ್ರಿಂದ. ಅಷ್ಟು ಜನರಲ್ಲಿ ಕಾಯಿಲೆ ಹರಡಿದ ಪ್ರತಿಯೊಬ್ಬರ ಮುಂದೂ ಒಂದು ದಿನ ದೊಡ್ಡಪ್ಪನ ಮುಂದೆ ಬಂದ ಪ್ರಶ್ನೆಯೇ ಬರುತ್ತೆ. ಅವತ್ತು ಮನೆಯಲ್ಲಿ ಮಾತಾಡೋರು ನೀವು. ಇವತ್ತು ಶೇರ್ ಮಾಡ್ತಿರೋ ರೀಲ್‌ನ ಭಾಷೆಯಲ್ಲೇ ಮಾತಾಡ್ತೀರಿ.

ಒಂದು ಎಚ್ಚರಿಕೆ, ಇದನ್ನೂ ಮುಂದೆ ತಿರುಚ್ತಾರೆ. ಹಾರ್ಮೋನು ನಿಲ್ಲಿಸಿದ ಮೇಲೂ ಕೆಲವು ವರ್ಷಕ್ಕೆ ಕ್ಯಾನ್ಸರ್ ಮತ್ತೆ ಏಳುತ್ತೆ. ಎಲ್ಲರೂ "ಹಾರ್ಮೋನು ಸಂಬಂಧ ಮುಗೀತು" ಅಂದುಕೊಂಡಿದ್ರು. ಮುಗಿದಿರಲಿಲ್ಲ. ಅಡ್ರಿನಲ್ ಗ್ರಂಥಿಯಿಂದ ಬರೋ ಚೂರುಪಾರನ್ನ ಬಳಸ್ಕೊಂಡು, ಕೆಲವೊಮ್ಮೆ ತಾನೇ ಒಳಗೆ ಹಾರ್ಮೋನು ತಯಾರಿಸಿಕೊಂಡು, ಸೀಟುಗಳ ಸಂಖ್ಯೆ ಹೆಚ್ಚಿಸಿಕೊಂಡು ಅದು ಬದುಕುತ್ತೆ. ಅದಕ್ಕೇ 2011ರಲ್ಲಿ ಬಂದ ಅಬಿರಾಟೆರೋನ್ ಆ ತಯಾರಿಕೆಯನ್ನೇ ಮುಚ್ಚುತ್ತೆ, 2012ರಲ್ಲಿ ಬಂದ ಎಂಜಲುಟಮೈಡ್ ಸೀಟಿಗೇ ಅಡ್ಡ ಕೂರುತ್ತೆ. ದೊಡ್ಡಪ್ಪ ಈಗ ಅಬಿರಾಟೆರೋನ್ ಮೇಲಿದಾರೆ. ಇನ್ನೂ ವಿಚಿತ್ರ ಅಂದ್ರೆ, ಜಾನ್ಸ್ ಹಾಪ್ಕಿನ್ಸ್‌ನ ಸ್ಯಾಮ್ಯುಯೆಲ್ ಡೆನ್ಮಿಯಡ್ ತಂಡ ಇಂಥ ಹಂತದ ಆಯ್ದ ರೋಗಿಗಳಿಗೆ ಟೆಸ್ಟೋಸ್ಟೆರಾನನ್ನೇ ಹೆಚ್ಚು ಡೋಸ್‌ನಲ್ಲಿ, ಏರಿಸಿ ಇಳಿಸಿ ಕೊಟ್ಟು ನೋಡ್ತಿದೆ. ಹಸಿವಿಗೆ ಒಗ್ಗಿಹೋದ ಕ್ಯಾನ್ಸರ್ ಇದ್ದಕ್ಕಿದ್ದಂತೆ ಹಬ್ಬದೂಟ ಬಡಿಸಿದ್ರೆ ತಡೆಯಲ್ಲ ಅನ್ನೋ ಲೆಕ್ಕ. ಕೆಲವರಲ್ಲಿ ಕೆಲಸ ಮಾಡಿದೆ. ಟ್ರಯಲ್ ಒಳಗೆ, ತಜ್ಞರ ಕಣ್ಣೆದುರು ಮಾತ್ರ. "ಕ್ಯಾನ್ಸರ್‌ಗೆ ಟೆಸ್ಟೋಸ್ಟೆರಾನೇ ಮದ್ದು" ಅನ್ನೋ ರೀಲ್ ಬಂದಾಗ ನಿಮಗೆ ಇದು ನೆನಪಾಗಲಿ.

ಭಾಗ 8

ಫಿನಾಸ್ಟರೈಡ್. ಕೂದಲಿಗೆ 1 ಮಿಲಿಗ್ರಾಂ, ಪ್ರಾಸ್ಟೇಟ್ ಊತಕ್ಕೆ 5 ಮಿಲಿಗ್ರಾಂ. ಡಿಎಚ್‌ಟಿ ಇಳಿಸಿದ್ರೆ ಕ್ಯಾನ್ಸರ್ ತಡೀಬಹುದಾ ಅಂತ 18,882 ಗಂಡಸರ ಮೇಲೆ ಅಮೆರಿಕದಲ್ಲಿ ಏಳು ವರ್ಷ 5 ಮಿಲಿಗ್ರಾಂ ಕೊಟ್ಟು ನೋಡಿದ್ರು. 2003ರಲ್ಲಿ ಫಲಿತಾಂಶ ಬಂತು. ಕ್ಯಾನ್ಸರ್ ಸುಮಾರು ಕಾಲುಭಾಗ ಕಡಿಮೆ, ಶೇ. 24.4ರಿಂದ ಶೇ. 18.4ಕ್ಕೆ. ಆದರೆ ಸಿಕ್ಕಿದ ಕ್ಯಾನ್ಸರ್‌ಗಳಲ್ಲಿ ಹೆಚ್ಚು ಉಗ್ರವಾದವು ಫಿನಾಸ್ಟರೈಡ್ ಗುಂಪಲ್ಲೇ ಸ್ವಲ್ಪ ಜಾಸ್ತಿ ಕಂಡವು, ಎಲ್ಲರೂ ಹೆದರಿದ್ರು. 2013ರಲ್ಲಿ ಮತ್ತೆ ಲೆಕ್ಕ ನೋಡಿದಾಗ ಎರಡು ಗುಂಪಿನವರೂ ಬದುಕಿದ್ದು ಒಂದೇ ಸಮ. ಹಾರ್ಮೋನಿಗೂ ಈ ಕ್ಯಾನ್ಸರ್‌ಗೂ ಸಂಬಂಧ ಇದೆ, ಆದರೆ ಅದು ಏರಿದ್ರೆ ಕೆಟ್ಟದ್ದು ಇಳಿದ್ರೆ ಒಳ್ಳೇದು ಅನ್ನೋ ನೇರ ಗೆರೆ ಅಲ್ಲ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ನಿಮಗೆ ಬೇಕಾದ ಒಂದೇ ಸಂಗತಿ: ಈ ಮಾತ್ರೆ ಪಿಎಸ್‌ಎಯನ್ನ ಸುಮಾರು ಅರ್ಧಕ್ಕೆ ಇಳಿಸುತ್ತೆ, ಕೂದಲಿನ ಡೋಸ್‌ನಲ್ಲೂ ಇಳಿಸುತ್ತೆ. ಅಪ್ಪನೋ ಚಿಕ್ಕಪ್ಪನೋ ಪ್ರಾಸ್ಟೇಟ್ ಊತಕ್ಕೆ ಇದನ್ನ ತಗೋತಿದ್ದು ಪಿಎಸ್‌ಎ 3 ಬಂದಿದೆ ಅಂದ್ರೆ ಅದನ್ನ 6 ಅಂತ ಓದಬೇಕು. ಮಾತ್ರೆ ವಿಷಯ ಡಾಕ್ಟರ್‌ಗೆ ಹೇಳದಿದ್ರೆ ಅವರು 3 ಅಂತಾನೇ ಓದ್ತಾರೆ. ಕೂದಲಿಗೆ ನುಂಗೋ ನೀವೂ ಮುಂದೆ ಇದನ್ನ ಹೇಳಬೇಕು. ನಾಚಿಕೆಪಟ್ಟು ಬಚ್ಚಿಡೋ ಮಾತ್ರೆ ಅದಲ್ಲ.

ಪಿಎಸ್‌ಎ ಎಲ್ಲರಿಗೂ ವರ್ಷ ವರ್ಷ ಮಾಡಿಸಬೇಕು ಅಂತ ನಾನು ಹೇಳಲ್ಲ. ಯಾವತ್ತೂ ತೊಂದರೆ ಕೊಡದ ಕ್ಯಾನ್ಸರನ್ನೂ ಅದು ಹಿಡಿದು ತೋರಿಸುತ್ತೆ, ಬೇಡದ ಆಪರೇಷನ್ ಆಗುತ್ತೆ. ಆದರೆ 50 ದಾಟಿದವರು, ಅಪ್ಪನಿಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ರೆ 45ಕ್ಕೇ, ಡಾಕ್ಟರ್ ಜೊತೆ ಕೂತು ಮಾಡಿಸಬೇಕಾ ಬೇಡವಾ ಅಂತ ಮಾತಾಡೋದು ಒಳ್ಳೇದು. ತಾಯಿ ಕಡೆ ಸ್ತನ, ಅಂಡಾಶಯದ ಕ್ಯಾನ್ಸರ್ ಜಾಸ್ತಿ ಇದ್ರೆ ಅದನ್ನೂ ಹೇಳಿ, ಬಿಆರ್‌ಸಿಎ2 ಅನ್ನೋ ಜೀನ್ ಗಂಡುಮಕ್ಕಳಿಗೂ ಬರುತ್ತೆ. ಮೂತ್ರದಲ್ಲಿ ರಕ್ತ, ಬಿಡದ ಸೊಂಟ ನೋವು, ಕಾಲಲ್ಲಿ ಶಕ್ತಿ ಇಲ್ಲದಿರೋದು ಕಂಡ್ರೆ ಮಾತಾಡೋದೂ ಬೇಡ, ಕರ್ಕೊಂಡು ಹೋಗಿ. ಮೂತ್ರ ತಡೆದು ಬರೋದು ಮಾತ್ರ ಇದ್ರೆ ಹೆಚ್ಚಿನ ಸಲ ಅದು ವಯಸ್ಸಿನ ಊತ, ಕ್ಯಾನ್ಸರ್ ಅಲ್ಲ. ಆದರೂ ತೋರಿಸಿ.

ಊರಿಗೆ ಹೋದಾಗ ಅಪ್ಪನ್ನ ಕೇಳಿ, "ರಾತ್ರಿ ಎಷ್ಟು ಸಲ ಏಳ್ತೀರಿ?" ಅಂತ. ಮೊದಲ ಸಲ ಬೈತಾರೆ. ಎರಡನೇ ಸಲ ಹೇಳ್ತಾರೆ.

ಕಮೆಂಟ್‌ನಲ್ಲಿ ಆ ಅಣ್ಣನ್ನ ಟ್ಯಾಗ್ ಮಾಡಬೇಡಿ, ಅವರಿಗೆ ವ್ಯೂಸ್ ಬೇಕಾಗಿರೋದೇ ಅದಕ್ಕೆ. ಇಂಜೆಕ್ಷನ್ ಆಗಲೇ ಶುರು ಮಾಡಿರೋರು ಮೆಸೇಜ್ ಮಾಡಿ, ನಾನು ಬೈಯಲ್ಲ. ಏಕಾಏಕಿ ನಿಲ್ಲಿಸಿದ್ರೆ ಲೆವೆಲ್ ಪಾತಾಳಕ್ಕೆ ಬಿದ್ದು ಮನಸ್ಸು ತುಂಬಾ ಕುಗ್ಗಬಹುದು, ಎಂಡೋಕ್ರೈನಾಲಜಿ ಒಪಿಡಿಗೆ ಹೋಗಬೇಕು. ಜೊತೆಗೆ ಬರೋಕೆ ಯಾರೂ ಇಲ್ಲ ಅಂದ್ರೆ ಹೇಳಿ, ಶನಿವಾರ ನನಗೆ ಪೋಸ್ಟಿಂಗ್ ಹನ್ನೆರಡಕ್ಕೆ ಮುಗಿಯುತ್ತೆ.

#ಪ್ರಾಸ್ಟೇಟ್ #ಟೆಸ್ಟೋಸ್ಟೆರಾನ್ #ಕನ್ನಡದಲ್ಲಿಆರೋಗ್ಯ #ಅಪ್ಪನ್ನಕೇಳಿ